ಕಿರಿಯ ಕೈದೀಪಕ್ಕೆ ತಕ್ಕ ಕೋಶ ಯಾವುದು?

ಹೆಬ್ಬೆರಳಿಗಿಂತ ಸ್ವಲ್ಪವೇ ದೊಡ್ಡದಾದ ಕೈದೀಪವು ಇಂದು ಮನೆಯ ಹಿತ್ತಿಲನ್ನೆಲ್ಲ ಬೆಳಗಬಲ್ಲದು. ದಪ್ಪ ಸೆಲ್ಲುಗಳನ್ನು ಒಂದರ ಹಿಂದೊಂದು ತುಂಬಿದ ಉದ್ದನೆಯ ಟಾರ್ಚನ್ನು ಹಿಡಿದು ನಡೆದ ತಲೆಮಾರಿಗೆ ಇದು ಬೆರಗಿನ ಸಂಗತಿಯೇ ಸರಿ. ಬಿಳಿಯ ಬೆಳಕನ್ನು ಬೀರುವ ಎಲ್.ಇ.ಡಿ.ಗೆ ಸುಮಾರು 3 ವೋಲ್ಟ್ ವಿಭವಾಂತರ ಬೇಕು. ಲಿಥಿಯಂ-ಅಯಾನು ಕೋಶವು ಸರಾಸರಿ 3.6 ವೋಲ್ಟ್ ಕೊಡುವುದರಿಂದ ಒಂದೇ ಕೋಶ ಸಾಕಾಗುತ್ತದೆ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಮೊದಲು ಮಾರುಕಟ್ಟೆಗೆ ತಂದ ಈ ಕೋಶದ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರ ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಇಂತಹ ಕೋಶವನ್ನು ಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ನೋಡುವುದು ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಮಿಲಿಆಂಪಿಯರ್-ಗಂಟೆಗಳ ಸಂಖ್ಯೆಯೊಂದನ್ನೇ. ಆ ಸಂಖ್ಯೆ ದೊಡ್ಡದಾದಷ್ಟೂ ಕೋಶ ಉತ್ತಮವೆಂಬ ನಂಬಿಕೆ ಬೇರೂರಿದೆ. ಈ ನಂಬಿಕೆಯನ್ನು ಬಿಡಬೇಕು. ಕೋಶವು ಎಷ್ಟು ವಿದ್ಯುತ್ತನ್ನು ಕೂಡಿಟ್ಟಿದೆ ಎಂಬುದಕ್ಕಿಂತ ಮೊದಲು, ಎಷ್ಟು ಪ್ರವಾಹವನ್ನು ಸುರಕ್ಷಿತವಾಗಿ ಕೊಡಬಲ್ಲದು ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಕೋಶಗಳ ಹೆಸರನ್ನು ಅರಿಯೋಣ. 18650 ಎಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಕೊನೆಯ ಸೊನ್ನೆಯು ಕೋಶ ಉರುಳೆಯಾಕಾರದ್ದೆಂದು ಸೂಚಿಸುತ್ತದೆ. 16340 ಎಂಬುದು ಅದರ ಅರ್ಧದಷ್ಟು ಉದ್ದದ ಪುಟ್ಟ ಕೋಶ. ಪ್ರಾಮಾಣಿಕವಾಗಿ ತಯಾರಿಸಿದ 16340ರ ಸಂಗ್ರಹ ಸುಮಾರು 700 ಮಿಲಿಆಂಪಿಯರ್-ಗಂಟೆ. 18650ರಲ್ಲಿ 3000 ಸಾಮಾನ್ಯ, 3500 ಮೇಲ್ಮಟ್ಟ.

ಈಗ 10 ವಾಟ್ ಸಾಮರ್ಥ್ಯದ ಕೈದೀಪವೊಂದನ್ನು ಕಲ್ಪಿಸಿಕೊಳ್ಳಿ. ಹತ್ತನ್ನು 3.6ರಿಂದ ಭಾಗಿಸಿದರೆ ಸುಮಾರು 2.8 ಆಂಪಿಯರ್ ಪ್ರವಾಹ ಬೇಕೆಂದಾಯಿತು. ದೊಡ್ಡ ಕೋಶಕ್ಕೆ ಇದು ಹಗುರವಾದ ಕೆಲಸ. ಅದು ಗಂಟೆಗೂ ಮಿಕ್ಕಿ ದುಡಿಯುತ್ತದೆ. ಪುಟ್ಟ ಕೋಶವಾದರೋ ತನ್ನ ಸಂಗ್ರಹವನ್ನೆಲ್ಲ ಹದಿನೈದೇ ನಿಮಿಷಗಳಲ್ಲಿ ಹೊರಹಾಕಬೇಕು. ಗಾತ್ರ ಕುಗ್ಗಿತೆಂದು ದೀಪದ ಬೇಡಿಕೆ ಕುಗ್ಗುವುದಿಲ್ಲವಷ್ಟೆ!

ಇಲ್ಲಿಯೇ ಕೋಶದ ಆಂತರಿಕ ರೋಧವು ತನ್ನ ಪ್ರಭಾವವನ್ನು ತೋರುತ್ತದೆ. ಅದು 0.1 ಓಮ್ ಎಂದಿಟ್ಟುಕೊಂಡರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಾಗ ಸುಮಾರು 0.8 ವಾಟ್ ಶಾಖವು ಕೋಶದ ಒಡಲಿನಲ್ಲಿಯೇ ಹುಟ್ಟುತ್ತದೆಂದು ತಿಳಿಯುವುದು. ಅದರ ಜೊತೆಗೆ ಎಲ್.ಇ.ಡಿ.ಯ ಶಾಖವೂ ಅದೇ ಕಿರಿದಾದ ಲೋಹದ ಕೊಳವೆಯನ್ನು ಸೇರುತ್ತದೆ. ಕೋಶದೊಳಗಿನ ದ್ರಾವಣವು ಉರಿಯಬಲ್ಲ ಸಾವಯವ ದ್ರವವೆಂಬುದನ್ನು ಮರೆಯಬಾರದು. ತಾಪವು ಮಿತಿ ಮೀರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳು ತಾವೇ ಇನ್ನಷ್ಟು ಶಾಖವನ್ನೂ ಅನಿಲವನ್ನೂ ಉಂಟುಮಾಡತೊಡಗುತ್ತವೆ. ಬಿಗಿಯಾಗಿ ಮುಚ್ಚಿದ ಕೊಳವೆಯಲ್ಲಿ ಒತ್ತಡ ಏರಿದರೆ ಕೈಯಲ್ಲಿರುವುದು ದೀಪವಲ್ಲ, ಸಿಡಿಮದ್ದು.

ಇನ್ನು ಸುಳ್ಳು ಹೊದಿಕೆಗಳ ವಿಷಯ. 9900 ಮಿಲಿಆಂಪಿಯರ್-ಗಂಟೆ ಎಂದು ಅಚ್ಚು ಹಾಕಿದ 18650 ಕೋಶಗಳು ಮಾರಾಟಕ್ಕೆ ಬರುತ್ತವೆ. ಇದನ್ನು ಪರೀಕ್ಷಿಸಲು ದುಬಾರಿಯಾದ ಉಪಕರಣವೇನೂ ಬೇಡ. ಗುಣಾಕಾರ ಭಾಗಾಕಾರಗಳು ಸಾಕು. 9.9ನ್ನು 3.6ರಿಂದ ಗುಣಿಸಿದರೆ ಸುಮಾರು 36 ವಾಟ್-ಗಂಟೆ. ಈ ಗಾತ್ರದ ಕೋಶದ ತೂಕ 45ರಿಂದ 50 ಗ್ರಾಂ. ಹಾಗಾದರೆ ಕಿಲೋಗ್ರಾಮಿಗೆ 700 ವಾಟ್-ಗಂಟೆಗೂ ಹೆಚ್ಚಾಯಿತು! ಈ ಗಾತ್ರದ ಉತ್ತಮ ಕೋಶಗಳಲ್ಲಿ ಇರುವುದು ಸುಮಾರು 250 ಮಾತ್ರ. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಕೋಶವನ್ನು ತೂಗಿ ನೋಡಿ. ತೂಕ 45 ಗ್ರಾಮಿಗಿಂತ ಬಹಳ ಕಡಿಮೆಯಿದ್ದರೆ ಅದನ್ನು ನಂಬಬೇಡಿ.

ಹೊದಿಕೆಯ ಮೇಲೆ ಸಂಖ್ಯೆಯ ಹಿಂದೆ ಕೆಲವು ಅಕ್ಷರಗಳಿರುವುದುಂಟು. ‘ಐ.ಸಿ.ಆರ್.’ ಎಂದರೆ ಕೋಬಾಲ್ಟ್ ಪ್ರಧಾನವಾದುದು; ‘ಐ.ಎಂ.ಆರ್.’ ಮ್ಯಾಂಗನೀಸ್, ‘ಐ.ಎನ್.ಆರ್.’ ನಿಕಲ್. ಸಾಮಾನ್ಯವಾಗಿ ಮ್ಯಾಂಗನೀಸಿನ ಕೋಶವು ಸಂಗ್ರಹದಲ್ಲಿ ಸ್ವಲ್ಪ ಹಿಂದಾದರೂ ಹೆಚ್ಚಿನ ಪ್ರವಾಹವನ್ನು ತಡೆದುಕೊಳ್ಳುತ್ತದೆ. ಕೆಲವು ಕೋಶಗಳಲ್ಲಿ ಅತಿಯಾದ ಪ್ರವಾಹವನ್ನು ಕಡಿದುಹಾಕುವ ರಕ್ಷಣಾ ಮಂಡಲವೂ ಇರುತ್ತದೆ. ಅದು ಅಪೇಕ್ಷಣೀಯವೇ, ಆದರೆ ಅದರಿಂದ ಕೋಶದ ಉದ್ದ ಕೆಲವು ಮಿಲಿಮೀಟರ್ ಹೆಚ್ಚುವುದರಿಂದ ದೀಪದೊಳಗೆ ಹಿಡಿಸುವುದೇ ಎಂದು ಮೊದಲೇ ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: 14500 ಕೋಶವು ಗೋಡೆ ಗಡಿಯಾರಕ್ಕೆ ಹಾಕುವ ಸಾಮಾನ್ಯ ಸೆಲ್ಲಿನಷ್ಟೇ ದೊಡ್ಡದು. ಆದರೆ ಪೂರ್ಣವಾಗಿ ವಿದ್ಯುತ್ ತುಂಬಿದಾಗ ಅದರ ವಿಭವ 4.2 ವೋಲ್ಟ್, ಸಾಮಾನ್ಯ ಸೆಲ್ಲಿನದು 1.5 ವೋಲ್ಟ್. ಗಾತ್ರ ಹೊಂದಿತೆಂಬ ಕಾರಣದಿಂದಲೇ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವುದು ಅವಿವೇಕ.

“ದೀಪವು ಜೇಬಿನಲ್ಲಿ ಹಿಡಿಸದಿದ್ದರೆ ಬೇಕಾದಾಗ ಕೈಗೆ ಸಿಗುವುದೆಂತು?” ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಜೇಬಿನ ದೀಪ ಬೇಕೆನ್ನುವವರು ಸಣ್ಣ ಕೋಶವನ್ನೇ ಕೊಳ್ಳಲಿ. ಆದರೆ ಅದರಿಂದ ಸಣ್ಣ ಬೆಳಕನ್ನೇ ಬಯಸಲಿ. ವಿಲೋಮ ವರ್ಗ ನಿಯಮವನ್ನು ತರಗತಿಯಲ್ಲಿ ಓದಿದವರಿಗೆ ಇದರಿಂದ ಆಗುವ ನಷ್ಟ ಎಷ್ಟು ಅಲ್ಪವೆಂಬುದು ಹೊಳೆಯದಿರದು. ಅದೇ ಪ್ರತಿಫಲಕವಿದ್ದು ಬೆಳಕು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿದರೂ ಅದು ಮುಟ್ಟುವ ದೂರ ಅರ್ಧಕ್ಕೆ ಮಾತ್ರ ಇಳಿಯುತ್ತದೆ. 10 ವಾಟ್‌ಗೆ ಬದಲು 2.5 ವಾಟ್ ಸಾಕೆಂದರೆ ಅದೇ ಪುಟ್ಟ ಕೋಶವು ಹದಿನೈದು ನಿಮಿಷಕ್ಕೆ ಬದಲಾಗಿ ಒಂದು ಗಂಟೆ ಉರಿಯುತ್ತದೆ, ತಣ್ಣಗೂ ಇರುತ್ತದೆ. ರಾತ್ರಿ ತೋಟದ ದಾರಿಯಲ್ಲಿ ಹಾವನ್ನು ಕಾಣಲು ಇಷ್ಟು ಬೆಳಕು ಸಾಲದೆ?

ನಮ್ಮ ದೇಶದಲ್ಲಿ ಇಂತಹ ಕೋಶಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 16046 ಎಂಬ ಮಾನಕವಿದೆ. ಆ ಸಂಖ್ಯೆಯನ್ನೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯನ್ನೂ ಕೋಶದ ಮೇಲೆ ಹುಡುಕಿ ನೋಡುವುದು ಕೊಳ್ಳುವವರ ಮೊದಲ ಕರ್ತವ್ಯ. ಆದರೆ ಕೋಶವು ಕೊಡಬಲ್ಲ ಗರಿಷ್ಠ ಪ್ರವಾಹವು ಎಲ್ಲ ಹೊದಿಕೆಗಳ ಮೇಲೂ ಕಾಣುವುದಿಲ್ಲ. ಅದನ್ನು ಸಂಗ್ರಹದ ಸಂಖ್ಯೆಯಷ್ಟೇ ದಪ್ಪಕ್ಷರದಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡತಕ್ಕದ್ದು. ಅಲ್ಲಿಯವರೆಗೆ, ಅದನ್ನು ತಿಳಿಸಲಾರದ ಅಂಗಡಿಯಿಂದ ಕೋಶವನ್ನು ಕೊಳ್ಳದಿರುವುದೇ ಲೇಸು. ಓಮನ ನಿಯಮವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವ ವಿದ್ಯಾರ್ಥಿಮಿತ್ರರು ಅಂಗಡಿಯ ಮುಂದೆ ನಿಂತಾಗಲೂ ಅದನ್ನು ಒಮ್ಮೆ ನೆನೆಯಲಿ.