ಒಂದೇ ಈಡಿಗೆ ಗುರಿ ತಿದ್ದಬೇಡಿ

ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1986ರಲ್ಲಿ. ಅದಕ್ಕೂ ಬಹಳ ಹಿಂದಿನಿಂದ ಕಾರ್ಕಳ ಸೀಮೆಯ ಕೃಷಿಕರಿಗೆ ಪರಿಚಿತವಾದ ಯಂತ್ರವೊಂದಿದೆ. ಅದೇ ಕೇಪಿನ ಕೋವಿ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಪರವಾನಗಿ ಪಡೆದು ಇಟ್ಟುಕೊಳ್ಳುವ ಈ ಕೋವಿಯನ್ನು ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ. ಇದಕ್ಕೆ ಸಿದ್ಧ ತೋಟೆ ಇಲ್ಲ. ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ಚರೆ ತುಂಬಿ, ಗಜದಿಂದ ಜಡಿಯಬೇಕು.

ಸಾಮಾನ್ಯವಾಗಿ ಇದರ ನಳಿಗೆಯ ಒಳಮೈ ನುಣುಪು. ಚರೆ ಹೊರಬಿದ್ದೊಡನೆ ಹರಡಿಕೊಳ್ಳುತ್ತದೆ. ಹಾಗಾಗಿ ಇದಕ್ಕೆ ದುರ್ಬೀನು ಕಟ್ಟಿ ಪ್ರಯೋಜನವಿಲ್ಲ. ಆದರೆ ಇದಕ್ಕೊಬ್ಬ ದಾಯಾದಿ ಇದ್ದಾನೆ. ಬಾಯಿಯಿಂದಲೇ ಮದ್ದು ತುಂಬುವ, ಆದರೆ ನಳಿಗೆಯೊಳಗೆ ಸುರುಳಿ ಗೀರುಗಳಿರುವ ರೈಫಲ್. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ತೊನೆದಾಡದೆ ಸಾಗುತ್ತದೆ. ಅಮೆರಿಕದಲ್ಲಿ ಇಂಥ ರೈಫಲ್ಲಿಗೆ, ದೃಶ್ಯವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಲ್ಲ ದುರ್ಬೀನು ಜೋಡಿಸುವವರಿದ್ದಾರೆ. ಆ ದುರ್ಬೀನನ್ನು ನಳಿಗೆಗೆ ಹೊಂದಿಸುವ ಕ್ರಮದಲ್ಲಿ ಪಿಯುಸಿ ಭೌತಶಾಸ್ತ್ರದ ಎರಡು ಮೂರು ಪಾಠಗಳು ಅಡಗಿವೆ.

ದುರ್ಬೀನಿನಲ್ಲಿ ಕಂಡಲ್ಲಿಗೇ ಗುಂಡು ಹೋಗುವುದಿಲ್ಲವೆ ಎಂದು ನೀವು ಕೇಳಬಹುದು. ಹೋಗುವುದಿಲ್ಲ. ನೋಟದ ದಾರಿ ನೇರ, ಗುಂಡಿನ ದಾರಿ ಬಾಗಿದ್ದು. ಸೆಕೆಂಡಿಗೆ 450 ಮೀಟರ್ ವೇಗದಲ್ಲಿ ಹೊರಟ ಗುಂಡು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, 50 ಮೀಟರ್ ದಾಟುವಷ್ಟರಲ್ಲಿ ಸುಮಾರು 6 ಸೆಂ.ಮೀ. ಕೆಳಗಿಳಿದಿರುತ್ತದೆ. 100 ಮೀಟರಿಗೆ 24 ಸೆಂ.ಮೀ. ದೂರ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟು. ಸಾಲದ್ದಕ್ಕೆ ದುರ್ಬೀನು ನಳಿಗೆಯಿಂದ ಕೆಲವು ಸೆಂ.ಮೀ. ಮೇಲಿರುತ್ತದೆ. ಆದ್ದರಿಂದ ಗೊತ್ತಾದ ಒಂದು ದೂರದಲ್ಲಿ ಈ ಎರಡು ದಾರಿಗಳೂ ಕೂಡುವಂತೆ ನೋಟವನ್ನು ತಿದ್ದಬೇಕು.

ತಿದ್ದಲು ದುರ್ಬೀನಿನ ಮೇಲೊಂದು, ಪಕ್ಕದಲ್ಲೊಂದು ತಿರುಪು ಇರುತ್ತವೆ. ಸಾಮಾನ್ಯವಾಗಿ ಒಂದು 'ಟಿಕ್' ತಿರುಗಿಸಿದರೆ ನೋಟ ಕಾಲು ಮಿನಿಟಿನಷ್ಟು ಸರಿಯುತ್ತದೆ. ಇದು ಗಡಿಯಾರದ ಮಿನಿಟಲ್ಲ, ಒಂದು ಡಿಗ್ರಿ ಕೋನದ 60ನೇ ಒಂದು ಪಾಲು. 100 ಮೀಟರಿನಲ್ಲಿ ಒಂದು ಮಿನಿಟೆಂದರೆ 2.9 ಸೆಂ.ಮೀ., ಒಂದು ಟಿಕ್ ಎಂದರೆ ಸುಮಾರು 7 ಮಿ.ಮೀ. ಗುಂಡುಗಳು 7 ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ ಹತ್ತು ಟಿಕ್ ಮೇಲಕ್ಕೆ. ಲೆಕ್ಕ ಇಷ್ಟು ಸುಲಭ.

ಕಷ್ಟ ಇರುವುದು ಬೇರೆ ಕಡೆ. ಬಲ್ಲವರು ಒಂದು ಈಡು ಹೊಡೆದೊಡನೆ ತಿರುಪಿಗೆ ಕೈ ಹಾಕುವುದಿಲ್ಲ. ಅದೇ ಬಿಂದುವಿಗೆ ಮೂರೋ ಐದೋ ಈಡು ಹೊಡೆದು, ಬಿದ್ದ ತೂತುಗಳ ಗುಂಪನ್ನು ನೋಡುತ್ತಾರೆ. ಗುಂಪು ಬಿಗಿಯಾಗಿದ್ದು ಮಧ್ಯದಿಂದ ಸರಿದಿದ್ದರೆ ಸಂತೋಷ. ನಾಲ್ಕು ಟಿಕ್ಕಿನಲ್ಲೋ ಹತ್ತು ಟಿಕ್ಕಿನಲ್ಲೋ ಸರಿಹೋಗುತ್ತದೆ. ತೂತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಯಾವ ತಿರುಪೂ ಉಪಯೋಗಕ್ಕೆ ಬಾರದು. ಆಗ ಕ್ರಮವನ್ನೇ ಪರೀಕ್ಷಿಸಬೇಕು. ಪ್ರತಿಸಲವೂ ಮದ್ದಿನ ಅಳತೆ ಒಂದೇ ಇತ್ತೆ? ಗಜದ ಒತ್ತಡ ಒಂದೇ ಇತ್ತೆ? ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ಈಡಿಗೊಮ್ಮೆ ನಳಿಗೆ ಒರೆಸದಿದ್ದರೆ ಎರಡನೆಯ ಗುಂಡು ಮೊದಲನೆಯದರ ಹಾದಿ ಹಿಡಿಯದು. ಕಣ್ಣು ಅತ್ತಿತ್ತ ಸರಿದರೆ ಗುರಿಯೂ ಸರಿದಂತೆ ಕಾಣಬಹುದು. ಲ್ಯಾಬಿನಲ್ಲಿ ಸೂಜಿಗಳನ್ನು ನೆಟ್ಟು ನೋಡುವಾಗ ಮೇಷ್ಟ್ರು ಎಚ್ಚರಿಸುವ ಪ್ಯಾರಲಾಕ್ಸ್ ಇದೇ.

ದುರ್ಬೀನನ್ನು 3 ಪಟ್ಟಿನಿಂದ 9 ಪಟ್ಟಿಗೆ ಏರಿಸಿದರೆ ಗುರಿ ದೊಡ್ಡದಾಗಿ ಕಾಣುತ್ತದೆ, ನಿಜ. ಕೈಯ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಚೆಲ್ಲಿದ ಗುಂಪು ಅದರಿಂದ ಒಂದಾಗುವುದಿಲ್ಲ. ಕಳಪೆ ದುರ್ಬೀನಿನಲ್ಲಿ ಪಟ್ಟು ಬದಲಿಸಿದಾಗ ಗುರಿಯ ಬಿಂದುವೇ ಸರಿಯುವುದುಂಟು. ಅದಕ್ಕಾಗಿ ಎರಡು ತುದಿಗಳಲ್ಲೂ ಪರೀಕ್ಷಿಸಬೇಕು.

ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಒಂದು ಕಾಯಿ ಒಡೆದವನಿಗೆ ಅದೃಷ್ಟ ಒಲಿದಿರಬಹುದು. ವರ್ಷ ವರ್ಷವೂ ಒಡೆಯುವವನನ್ನು ಮಾತ್ರ ಗುರಿಕಾರನೆಂದು ಒಪ್ಪಬೇಕು.

ಕೋವಿಯ ಸಹವಾಸ ಮಕ್ಕಳಿಗೆ ಬೇಡ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ಕಾಡುಪ್ರಾಣಿಗಳ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಈ ಪಾಠಕ್ಕೆ ಲಗೋರಿಯ ಚೆಂಡು ಸಾಕು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಮಾಡಿ. ಒದ್ದೆ ಚೆಂಡನ್ನು ಹತ್ತು ಹೆಜ್ಜೆ ದೂರದಿಂದ ಹತ್ತು ಸಲ ಎಸೆಯಿರಿ. ತಾಗಿದಲ್ಲೆಲ್ಲ ಚುಕ್ಕೆ ಇಡಿ. ನಿಮ್ಮ ತಪ್ಪು ಒಂದೇ ಕಡೆಗೆ ವಾಲುತ್ತದೋ, ಎಲ್ಲ ಕಡೆಗೂ ಚೆಲ್ಲುತ್ತದೋ ಗೊತ್ತಾಗುತ್ತದೆ. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಒಂದೇ ಅಳತೆಯನ್ನು ಹಲವು ಸಲ ಬರೆಸುವುದೂ ಇದಕ್ಕೇ.

ತಂದೆತಾಯಿಗಳಿಗೂ ಒಂದು ಮಾತು. ಒಂದು ಕಿರುಪರೀಕ್ಷೆಯ ಅಂಕ ನೋಡಿ ಟ್ಯೂಷನ್ ಬದಲಿಸುವುದು, ಕೋರ್ಸ್ ಬದಲಿಸುವುದು ಒಂದೇ ಈಡಿಗೆ ತಿರುಪು ತಿರುಗಿಸಿದಂತೆ. ನಾಲ್ಕು ಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಒಟ್ಟಿಗೆ ಹರಡಿ ನೋಡಿ. ಮಗಳು ಪ್ರತಿಸಲವೂ ತ್ರಿಕೋನಮಿತಿಯಲ್ಲೇ ಅಂಕ ಕಳೆದುಕೊಂಡಿದ್ದರೆ ಆ ಅಧ್ಯಾಯವನ್ನಷ್ಟೇ ತಿದ್ದಿದರಾಯಿತು. ಒಂದೊಂದು ಸಲ ಒಂದೊಂದು ಕಡೆ ತಪ್ಪಿದ್ದರೆ ನೋಡಬೇಕಾದದ್ದು ನಿದ್ದೆಯನ್ನು, ಊಟವನ್ನು, ಓದುವ ಹೊತ್ತನ್ನು, ಮನೆಯ ಗದ್ದಲವನ್ನು. ಅಷ್ಟಾದ ಮೇಲೆ ಗುರಿಯ ವಿಚಾರ ಮಾತಾಡಬಹುದು.