ಆರೋಪ ಕೊಲೆಯದು, ವಿಚಾರಣೆ ನಡತೆಯದು



ಹೇಬಿಯಸ್ ಕಾರ್ಪಸ್ ಎಂಬ ಮಾತನ್ನು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಗಂಡನ ಮನೆಯವರು ಕೂಸನ್ನು ಕಿತ್ತುಕೊಂಡು ಬಚ್ಚಿಟ್ಟಾಗ ವಕೀಲರು ಹೈಕೋರ್ಟಿನಲ್ಲಿ ಹಾಕುವ ಅರ್ಜಿ ಅದು. ಅಮೆರಿಕದಲ್ಲಿ ಅದಕ್ಕೆ ಇನ್ನೊಂದು ಉಪಯೋಗವಿದೆ. ರಾಜ್ಯದ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ, ಅಲ್ಲಿನ ಮೇಲ್ಮನವಿಗಳೂ ಮುಗಿದ ಮೇಲೆ, ನನ್ನ ವಿಚಾರಣೆ ಸಂವಿಧಾನಕ್ಕೆ ವಿರುದ್ಧವಾಗಿ ನಡೆಯಿತೆಂದು ಕೈದಿಯು ಕೇಂದ್ರದ ನ್ಯಾಯಾಲಯಕ್ಕೆ, ಅಂದರೆ ಫೆಡರಲ್ ಕೋರ್ಟಿಗೆ, ಹೋಗಬಹುದು. 1996ರ ಕಾನೂನು ಈ ಬಾಗಿಲನ್ನು ಬಹಳ ಕಿರಿದು ಮಾಡಿತು. ಸಾಮಾನ್ಯವಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ರಾಜ್ಯದ ತೀರ್ಪು ತಪ್ಪೆಂದು ತೋರಿಸಿದರೂ ಸಾಲದು. ಸುಪ್ರೀಂ ಕೋರ್ಟು ಮೊದಲೇ ಸ್ಪಷ್ಟಪಡಿಸಿದ ಕಾನೂನನ್ನೇ ಅದು ಮೀರಿದೆ ಎಂದು ತೋರಿಸಬೇಕು.

ಓಕ್ಲಹೋಮ ರಾಜ್ಯದ ಬ್ರೆಂಡಾ ಆಂಡ್ರೂ ಈ ಬಾಗಿಲು ತಟ್ಟಿದವಳು. 2001ರಲ್ಲಿ ಅವಳ ಗಂಡನನ್ನು ಗುಂಡಿಟ್ಟು ಕೊಂದರು. ಅವಳ ಪ್ರಿಯಕರ ತಪ್ಪೊಪ್ಪಿಕೊಂಡು, ಅವಳ ಕೈವಾಡವಿಲ್ಲ ಎಂದ. ಸರ್ಕಾರದ ಕಡೆಯವರು ವಿಮೆಯ ಹಣ, ಆ ಬಳಿಕ ಇಬ್ಬರೂ ಮಕ್ಕಳೊಡನೆ ಮೆಕ್ಸಿಕೋಗೆ ಓಡಿಹೋದದ್ದು, ಇವನ್ನು ಮುಂದಿಟ್ಟರು. ಅವಳು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಆದರೆ ವಾದ ಅಲ್ಲಿಗೆ ನಿಲ್ಲಲಿಲ್ಲ. ಹಿಂದೆ ಅವಳಿಗೆ ಯಾರ ಯಾರ ಸಂಗವಿತ್ತು, ಎಂಥ ಬಟ್ಟೆ ತೊಡುತ್ತಿದ್ದಳು, ತಾಯಿಯಾಗಿ ಹೇಗಿದ್ದಳು ಎಂದೆಲ್ಲ ಸಾಕ್ಷಿಗಳಿಂದ ಹೇಳಿಸಿದರು. ಕೊನೆಗೆ ಅವಳ ಒಳಉಡುಪನ್ನೇ ಜ್ಯೂರಿಯ ಮುಂದೆ ಎತ್ತಿ ಹಿಡಿದರು! 2004ರಲ್ಲಿ ಮರಣದಂಡನೆ ಆಯಿತು.

ನನ್ನ ವಿದ್ಯಾರ್ಥಿನಿಯೊಬ್ಬಳು ವರದಕ್ಷಿಣೆ ಹಿಂಸೆಯ ದೂರು ಕೊಟ್ಟಿದ್ದಳು. ಎದುರು ವಕೀಲರು ಮೊದಲು ಕೇಳಿದ್ದು, ನೀನು ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಿದ್ದೆ ಎಂದು. ದೂರು ಕೊಟ್ಟವಳಾಗಲಿ, ಆರೋಪ ಹೊತ್ತವಳಾಗಲಿ, ಕಟಕಟೆ ಹತ್ತಿದ ಹೆಣ್ಣಿಗೆ ಇದೊಂದು ಪ್ರಶ್ನೆ ತಪ್ಪಿದ್ದಲ್ಲ.

ಇದರಲ್ಲಿ ಎಷ್ಟೋ ಸಾಕ್ಷ್ಯ ಅಸಂಬದ್ಧವೆಂದು ಆಮೇಲೆ ಸರ್ಕಾರದವರೇ ಒಪ್ಪಿದರು. ಆದರೂ ಕೆಳಗಿನ ಫೆಡರಲ್ ನ್ಯಾಯಾಲಯ, ಇಂಥ ಸಾಕ್ಷ್ಯವನ್ನು ತಡೆಯುವ ಸ್ಪಷ್ಟ ಕಾನೂನು ಇಲ್ಲವೆಂದು ಅರ್ಜಿ ತಳ್ಳಿಹಾಕಿತು. 2025ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ತಪ್ಪೆಂದಿತು: ವಿಚಾರಣೆಯನ್ನೇ ಅನ್ಯಾಯವಾಗಿಸುವಷ್ಟು ಪೂರ್ವಗ್ರಹ ಹುಟ್ಟಿಸುವ ಸಾಕ್ಷ್ಯ ಕೂಡದೆಂಬ ನಿಯಮ ಆಗಲೇ ಇತ್ತು. ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಬಿಡುಗಡೆಯನ್ನೇನೂ ಕೊಡಲಿಲ್ಲ. ಇಲ್ಲಿ ಅಂಥ ಅನ್ಯಾಯವಾಯಿತೇ, ಮತ್ತೆ ನೋಡಿ ಎಂದು ಹಿಂದಕ್ಕೆ ಕಳಿಸಿತು, ಅಷ್ಟೆ. ಅಷ್ಟಕ್ಕೆ ಅವಳು ಕಾದದ್ದು ಶಿಕ್ಷೆಯಾದಂದಿನಿಂದ ಇಪ್ಪತ್ತು ವರ್ಷಕ್ಕೂ ಮೇಲೆ.

ಈ ಹಂತದಲ್ಲಿ ಮರಣದಂಡನೆಯ ಕೈದಿಗಳನ್ನು ಬಿಟ್ಟರೆ ಉಳಿದವರಿಗೆ ಅಲ್ಲಿ ಉಚಿತ ವಕೀಲರು ಹಕ್ಕಾಗಿ ಸಿಗುವುದಿಲ್ಲ. ನಮ್ಮಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣಿಗೂ, ಜೈಲಿನಲ್ಲಿರುವವಳಿಗೂ, ಆ ಹಕ್ಕಿದೆ. ನಿಮ್ಮೂರಿನ ಯಾರಾದರೂ ಒಳಗಿದ್ದರೆ ಸಂಘದ ಇಬ್ಬರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಟ್ಟು ಬನ್ನಿ.