ಗಲಾಟೆಗೂ ಮುಂಚೆ ಏನಾಯಿತು?
ತರಗತಿಯಲ್ಲಿ ಒಂದು ಮಗು ಇದ್ದಕ್ಕಿದ್ದಂತೆ ಕಿವಿ ಮುಚ್ಚಿಕೊಂಡು ಕಿರುಚಿತು, ಪುಸ್ತಕ ಎಸೆಯಿತು ಎಂದರೆ ಮೊದಲು ಹುಡುಕಬೇಕಾದ್ದು ಅದಕ್ಕೂ ಮುಂಚೆ ಏನಾಯಿತು ಎಂಬುದನ್ನು. ಆಟಿಸಂ ಇರುವ ಮಗುವಿಗೆ ಬಿಸಿಯೂಟದ ತಟ್ಟೆಗಳ ಸದ್ದು ತಡೆಯಲಾಗದಷ್ಟು ಜೋರಾಗಿರಬಹುದು. ಅಕ್ಷರ ಕೂಡಿಸಲು ಒದ್ದಾಡುವ ಹುಡುಗ, ಎಲ್ಲರೆದುರು ಗಟ್ಟಿಯಾಗಿ ಓದುವ ಅವಮಾನದಿಂದ ಪಾರಾಗಲೆಂದೇ ತಂಟೆ ತೆಗೆಯಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಅವುಗಳಿರುವ ಮಕ್ಕಳಿಗೆ ಎಲ್ಲರೊಂದಿಗೆ ಕಲಿಸುವ ಹೊಣೆಯನ್ನು ಶಾಲೆಗಳಿಗೆ ವಹಿಸಿತು. ಬೆತ್ತ ಕೆಳಗಿಟ್ಟ ಶಿಕ್ಷಕರಿಗೆ ಬೇರೆ ದಾರಿಗಳು ಬೇಕು. ಅವು ದುಬಾರಿಯೂ ಅಲ್ಲ. ದಿನದ ವೇಳಾಪಟ್ಟಿಯನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸುವುದು, ಆಟ ಮುಗಿಯುವ ಮುನ್ನ ‘ಇನ್ನೈದು ನಿಮಿಷ’ ಎಂದು ತಿಳಿಸುವುದು, ‘ಓಡಬೇಡ’ ಎನ್ನುವ ಕಡೆ ‘ನಿಧಾನ ನಡಿ ಪುಟ್ಟ’ ಎನ್ನುವುದು, ದಣಿದ ಮಗು ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಒಂದು ಮೂಲೆ ಬಿಡುವುದು. ಬರೀ ‘ಜಾಣ’ ಎಂದರೆ ಮಗುವಿಗೆ ಏನೂ ತಿಳಿಯದು. ‘ನಿನ್ನ ಸರದಿ ಬರುವತನಕ ಕಾದೆಯಲ್ಲ, ಖುಷಿಯಾಯ್ತು’ ಎಂದರೆ ಯಾವ ನಡೆ ಮೆಚ್ಚುಗೆಯಾಯಿತೆಂದು ಗೊತ್ತಾಗುತ್ತದೆ, ನಾಳೆಯೂ ಕಾಯುತ್ತದೆ. ಈ ದಾರಿಗಳು ಉಳಿದ ಮಕ್ಕಳಿಗೂ ಹಿತವೇ. ಆದರೆ ತುಂಬಿದ ತರಗತಿಯಲ್ಲಿ ಒಬ್ಬ ಟೀಚರ್ ಇಷ್ಟನ್ನೂ ಒಂಟಿಯಾಗಿ ನಿಭಾಯಿಸಲಾರರು. ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಶಾಲೆಗೆ ಮತ್ತೆ ಮತ್ತೆ ಬರುವಂತಾಗಬೇಕು. ಅಪ್ಪ–ಅಮ್ಮನನ್ನು ದೂರು ಹೇಳಲಷ್ಟೇ ಕರೆಸುವ ರೂಢಿ ಬಿಟ್ಟು, ಮಗುವಿಗೆ ಯಾವುದು ಹಿತ, ಯಾವುದು ಹಿಂಸೆ ಎಂದು ಅವರನ್ನೇ ಕೇಳಬೇಕು. ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆದುಕೊಂಡ ಮೇಲೆ, ಆ ಮಗು ನೆಮ್ಮದಿಯಿಂದ ಕಲಿಯುವಂತೆ ನೋಡಿಕೊಳ್ಳುವುದು ಶಾಲೆಯ ಕರ್ತವ್ಯ.